ಮಾವನ ಜೀಪಿನ ಹಿಂದಿನ ದೀಪ

ನನ್ನ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ನನಗೆ ಯಾವತ್ತೂ ಸಕಾಲಕ್ಕೆ ಗೊತ್ತಾದದ್ದಿಲ್ಲ. ಬೋರ್ಡಿನ ಕಡೆ ತಿರುಗಿ ಸೂತ್ರ ಬರೆಯುವಾಗ ವಿದ್ಯಾರ್ಥಿಗಳು ಏನು ಮಾಡುತ್ತಾರೆ, ಹೊಸ ಅಂಗಿಯ ಬೆನ್ನಿಗೆ ಅಂಟಿಕೊಂಡೇ ಉಳಿದ ಅಂಗಡಿಯ ಚೀಟಿಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಜನ ಓದಿದರು, ಇವೆಲ್ಲ ನನಗೆ ಸಂಜೆಯ ಹೊತ್ತಿಗೆ, ಇನ್ನೊಬ್ಬರ ಬಾಯಿಂದ, ನಗುವಿನ ಸಮೇತ ತಿಳಿಯುವ ಸಂಗತಿಗಳು. ಹಾಗಾಗಿ ಒಂದು ಬೆಳಿಗ್ಗೆ ಕೈವಾರ ಕ್ರಾಸಿನ ಹತ್ತಿರ, ಬೈಕಿಗೆ ಎರಡು ಹಾಲಿನ ಕ್ಯಾನು ತೂಗುಹಾಕಿಕೊಂಡ ಮನುಷ್ಯನೊಬ್ಬ ನನ್ನ ಜೀಪಿನ ಹಿಂದೆ ಬಿದ್ದಾಗ, ಅವನು ಪಂದ್ಯಕ್ಕೆ ಬಂದಿದ್ದಾನೆ ಎಂದೇ ನಾನು ತಿಳಿದೆ.

ಜೀಪಿನಲ್ಲಿ ಕೂತವನಿಗೆ ಸ್ವಲ್ಪ ಪೌರುಷ ಬಂದುಬಿಡುತ್ತದೆ. ನಾನು ವೇಗ ಹೆಚ್ಚಿಸಿದೆ. ಅವನೂ ಹೆಚ್ಚಿಸಿದ. ಕ್ಯಾನುಗಳು ಢಣಢಣ ಎನ್ನುತ್ತಿದ್ದವು. ಅವನು ಕೈ ಬೀಸಿ ಏನೋ ಕೂಗುತ್ತಿದ್ದ. ನಾನೂ ಕೈ ಬೀಸಿದೆ, ಗೆದ್ದವನ ಹಾಗೆ. ಕೊನೆಗೆ ರಸ್ತೆಯ ಉಬ್ಬಿನ ಮುಂದೆ ನಾನು ನಿಧಾನ ಮಾಡಿದ್ದೇ ತಡ, ಅವನು ಪಕ್ಕಕ್ಕೆ ಬಂದು ಏದುಸಿರು ಬಿಡುತ್ತ ಹೇಳಿದ: "ಏನ್ ಸಾರ್ ನೀವು! ಅವಾಗ್ಲಿಂದ ಬಡ್ಕೊಂತಾ ಇದೀನಿ. ನಿಮ್ ಗಾಡಿಗೆ ಹಿಂದ್ಗಡೆ ಲೈಟೇ ಇಲ್ಲ. ನೀವು ಬ್ರೇಕ್ ಹಾಕಿದ್ರೆ ನಮ್ಗೆ ಕನಸು ಬೀಳ್ತದಾ?"

ನಮ್ಮ ಸೀಮೆಯ ಜನರ ಈ ಗುಣ ನನಗೆ ಬಹಳ ಇಷ್ಟ. ಎದುರು ಸಿಕ್ಕರೆ ದಾರಿ ಬಿಡುವುದಿಲ್ಲ, ಆದರೆ ಬೈಕಿನ ಸ್ಟ್ಯಾಂಡು ತೆಗೆಯದೆ ಹೊರಟವನನ್ನು ಊರಾಚೆಯವರೆಗೂ ಬೆನ್ನಟ್ಟಿ ಹೋಗಿ ಎಚ್ಚರಿಸುತ್ತಾರೆ. ಹಾಡುಹಗಲೇ ದೀಪ ಉರಿಸಿಕೊಂಡು ಬಂದವನಿಗೆ ಬಸ್ಸಿನ ಕಿಟಕಿಯಿಂದ, ಹೊಲದ ಬದುವಿನಿಂದ, ಟೀ ಅಂಗಡಿಯ ಬೆಂಚಿನಿಂದ ಐದು ಬೆರಳನ್ನು ಅರಳಿಸಿ ಮುಚ್ಚಿ ಸನ್ನೆ ಮಾಡುತ್ತಾರೆ. ಹೆಸರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ, ಧನ್ಯವಾದಕ್ಕೂ ಕಾಯುವುದಿಲ್ಲ. ಹಾಲಿನವನೂ ಕಾಯಲಿಲ್ಲ. ನಾನು ಮಾತ್ರ ಕೆಳಗಿಳಿದು ಹಿಂದೆ ಹೋಗಿ ನೋಡಿದೆ. ಎಡಗಡೆಯ ದೀಪ ಇರಬೇಕಾದ ಕಡೆ ಮೂರು ತಂತಿ ನೇತಾಡುತ್ತಿದ್ದವು. ಬಲಗಡೆಯದನ್ನು ಯಾವುದೋ ಎಮ್ಮೆ ಯಾವಾಗಲೋ ಒದ್ದಿದ್ದರಿಂದ ಗಾಜಿನ ಕೆಂಪು ಚೂರೊಂದು ಮಾತ್ರ ನೆನಪಿಗೆ ಉಳಿದಿತ್ತು.

ಜೀಪು ನನ್ನದಲ್ಲ. ಸಾದಲಿಯಲ್ಲಿರುವ ನನ್ನ ಮಾವ ನಾರಾಯಣಪ್ಪನವರದು. ಹಿಪ್ಪುನೇರಳೆ ಸೊಪ್ಪು ಹೊತ್ತು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು, ನನ್ನ ಹೆಂಡತಿ ಸುಜಾತಳನ್ನು ಮದುವೆಯ ದಿನ ಮಂಟಪಕ್ಕೆ ಹೊತ್ತು ಮೂವತ್ತು ವರ್ಷ ದುಡಿದ ಗಾಡಿ. ಸುಜಾತ ಪ್ರೌಢಶಾಲೆಯ ಟೀಚರು. ನಾವು ಶಿಡ್ಲಘಟ್ಟದಲ್ಲಿ ಮನೆ ಮಾಡಿಕೊಂಡಿದ್ದೇವೆ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಬೈಕು ರಿಪೇರಿಗೆ ಹೋಗಿದ್ದರಿಂದ ಆ ವಾರ ಜೀಪು ನನ್ನ ಬಳಿ ಇತ್ತು.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಬೈಯುವುದು ಕನ್ನಡದಲ್ಲಿ, ಮೆಚ್ಚುವುದು ತೆಲುಗಿನಲ್ಲಿ. ಆಂಧ್ರದ ಗಡಿ ಹತ್ತಿರವಿರುವ ನಮ್ಮ ಕಡೆ ಎರಡು ಭಾಷೆಯೂ ಒಂದೇ ನಾಲಿಗೆಯ ಮೇಲೆ ಸಂಸಾರ ಮಾಡುತ್ತವೆ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವೆಂದರೆ ಅವರು ಮೆಚ್ಚುವುದೇ ಅಪರೂಪ. ಒಳ್ಳೆಯ ಗೂಡು ಕೈಗೆ ಬಂದರೆ, ಹದವಾದ ಮಳೆ ಬಿದ್ದರೆ, ಅವರೆಕಾಳಿನ ಸಾರು ನಾಲಿಗೆಗೆ ಹಿಡಿಸಿದರೆ ತಲೆಯನ್ನು ಒಂದೇ ಒಂದು ಸಲ ಆಡಿಸಿ "ಬಾಗುಂದಿ" ಎನ್ನುತ್ತಾರೆ. ಚೆನ್ನಾಗಿದೆ ಎಂದು ಅರ್ಥ. ನಾನು ಅಳಿಯನಾಗಿ ಹನ್ನೆರಡು ವರ್ಷವಾಯಿತು. ಆ ಮಾತು ಮಳೆಗೆ ಸಿಕ್ಕಿದೆ, ಸಾರಿಗೆ ಸಿಕ್ಕಿದೆ. ನನಗೆ ಸಿಕ್ಕಿಲ್ಲ.

ದೀಪದ ಸಂಗತಿಯನ್ನು ಮಾವನಿಗೆ ಫೋನಿನಲ್ಲಿ ತಿಳಿಸಿದೆ. ಅವರು ಹೇಳಿದರು: "ಸೋಮವಾರ ಚಿಂತಾಮಣೀಲಿ ಆರ್‌ಟಿಓ ಆಫೀಸಲ್ಲಿ ಗಾಡಿ ತೋರಿಸ್ಬೇಕು ಅಳಿಯಂದ್ರೇ. ವಯಸ್ಸಾದ ಗಾಡಿ, ಸಾಹೇಬ್ರು ನೋಡಿ ಹೂಂ ಅಂದ್ರೇನೇ ಮುಂದಕ್ಕೆ ಓಡ್ಸೋದು. ಲೈಟಿಲ್ಲ ಅಂದ್ರೆ ಯಾರು ಹೂಂ ಅಂತಾರೆ? ಹೋಗ್ಲಿ ಬಿಡಿ. ಓಡಾಡಿದ್ದು ಸಾಕು. ಆಗ್ಲಿಲ್ಲ ಅಂದ್ರೆ ಅಲ್ಲೇ ಗುಜರಿಯೋನಿಗೆ ಒಪ್ಪಿಸ್ಬಿಟ್ಟು ಬಸ್ಸಲ್ಲಿ ಬರ್ತೀನಿ."

'ಬಸ್ಸಲ್ಲಿ ಬರ್ತೀನಿ' ಎನ್ನುವಾಗ ಅವರ ದನಿ ಸ್ವಲ್ಪ ಜಾರಿತು. ಅದನ್ನು ಕೇಳಿದ ಭರದಲ್ಲಿ ನನ್ನ ಬಾಯಿಂದ ಆಡಬಾರದ ಮಾತೊಂದು ಬಂದುಬಿಟ್ಟಿತು: "ನೀವು ಯೋಚನೆ ಮಾಡ್ಬೇಡಿ ಮಾವ, ಲೈಟು ನಾನೇ ಹಾಕ್ತೀನಿ. ವಿದ್ಯುತ್ತು ನನ್ನ ಸಬ್ಜೆಕ್ಟು."

ಅಡುಗೆಮನೆಯಿಂದ ಸುಜಾತ ಇಣುಕಿ ನೋಡಿದಳು. ನಮ್ಮ ಮನೆಯ ಕರೆಗಂಟೆಯನ್ನು ನಾನು ರಿಪೇರಿ ಮಾಡಿದಂದಿನಿಂದ ಬಂದವರೆಲ್ಲ ಬಾಗಿಲು ತಟ್ಟುತ್ತಾರೆ ಎಂಬುದನ್ನು ಆ ನೋಟ ನೆನಪಿಸಿತು.

ಆ ಮಾದರಿಯ ದೀಪ ಈಗ ಬರುವುದಿಲ್ಲ ಎಂದು ಚಿಕ್ಕಬಳ್ಳಾಪುರದ ಅಂಗಡಿಯವರೆಲ್ಲ ಕೈ ಆಡಿಸಿದ್ದರಿಂದ ಆನ್‌ಲೈನಿನಲ್ಲಿ ತರಿಸಬೇಕಾಯಿತು. ಮಾವನದು ಒಂದೇ ಷರತ್ತು: ಎಲ್‌ಇಡಿ ಕೂಡದು, ಬಲ್ಬೇ ಇರಬೇಕು. ಮುಟ್ಟಿದರೆ ಬಿಸಿ ಇಲ್ಲದ ದೀಪವನ್ನು ಅವರು ನಂಬುವುದಿಲ್ಲ. ಹುಡುಕಿ ಹುಡುಕಿ, ಕಪ್ಪು ಜಾಲರಿ ಹೊದ್ದ ದುಂಡನೆಯ ಜೋಡಿಯೊಂದನ್ನು ತರಿಸಿದೆ. ಡಬ್ಬದ ಮೇಲೆ, ಮರಳುಗುಡ್ಡದಿಂದ ಜೀಪೊಂದು ಆಕಾಶಕ್ಕೆ ನೆಗೆಯುತ್ತಿರುವ ಚಿತ್ರ. ಕೆಳಗೆ, ರಸ್ತೆಯೇ ಇಲ್ಲದ ಕಡೆ ಓಡುವ ಸಾಹಸಿಗಳಿಗಾಗಿಯೇ ತಯಾರಿಸಿದ್ದು ಎಂಬ ಒಕ್ಕಣೆ. ನನಗೆ ಕೊಂಚ ಹೆಮ್ಮೆಯಾಯಿತು. ಆಮೇಲೆ ಯೋಚಿಸಿದರೆ, ಮಾವ ಮೂವತ್ತು ವರ್ಷದಿಂದ ಓಡಿಸಿದ್ದು ಅಲ್ಲೇ ಅಲ್ಲವೆ? ತೋಟಕ್ಕೆ ಹೋಗುವ ದಾರಿಗೆ ದಾರಿ ಎಂಬ ಹೆಸರು ಬಿಟ್ಟರೆ ಬೇರೆ ಲಕ್ಷಣ ಇಲ್ಲ. ನಗರಗೆರೆಯ ಕಡೆ ಭಾನುವಾರ ಬೆಳಿಗ್ಗೆ ದೊಡ್ಡ ದೊಡ್ಡ ಜೀಪುಗಳಲ್ಲಿ ಬಂದು, ಬೇಕಂತಲೇ ಕೆಸರಿಗೆ ಇಳಿದು, ಸಿಕ್ಕಿಹಾಕಿಕೊಂಡು, ಹಗ್ಗ ಕಟ್ಟಿ ಎಳೆಸಿಕೊಂಡು, ಫೋಟೋ ಹಿಡಿದುಕೊಂಡು ಹೋಗುವವರನ್ನು ಮಾವ ಒಮ್ಮೆ ಕಂಡಿದ್ದರು. "ಪಾಪ, ಅವ್ರ ಮನೇಲಿ ಏನ್ ತೊಂದ್ರೆಯೋ" ಎಂದಿದ್ದರು.

ಶನಿವಾರ ಮಧ್ಯಾಹ್ನ ಕೆಲಸ ಶುರುಮಾಡಿದೆ. ಹೊಸ ದೀಪದ ತಂತಿಗಳು ಕೆಂಪು, ಹಳದಿ, ಹಸಿರು, ಕಪ್ಪು ಎಂದು ಬಣ್ಣಬಣ್ಣವಾಗಿದ್ದವು. ಯಾವ ಬಣ್ಣ ಯಾವುದಕ್ಕೆ ಎಂದು ಜತೆಗಿದ್ದ ಕಾಗದ ಚೀನೀ ಲಿಪಿಯಲ್ಲೂ ಒಂದು ಚಿತ್ರದಲ್ಲೂ ವಿವರಿಸಿತ್ತು. ಆದರೆ ಜೀಪಿನೊಳಗಿಂದ ಬಂದ ತಂತಿಗಳೆಲ್ಲ ಒಂದೇ ಬಣ್ಣ, ಸಾದಲಿಯ ಮಣ್ಣಿನ ಬಣ್ಣ. ಒಂದೊಂದನ್ನೂ ಉಗುರಿನಿಂದ ಕೆರೆದು, ಬ್ಯಾಟರಿಗೆ ಮುಟ್ಟಿಸಿ, ಕಿಡಿ ಹಾರಿದಾಗ ಹಿಂದಕ್ಕೆ ನೆಗೆದು ಗುರುತು ಹಚ್ಚಿದೆ. ಮೂರು ತಾಸು ಹಿಡಿಯಿತು. ಆದರೂ ಹೇಳಿಕೊಳ್ಳುತ್ತೇನೆ, ಆ ಭಾಗದಲ್ಲಿ ನಾನು ಒಂದು ತಪ್ಪೂ ಮಾಡಲಿಲ್ಲ. ತಪ್ಪು ಮಾಡಿದ್ದು ಕಪ್ಪು ತಂತಿಯಲ್ಲಿ.

ಕಪ್ಪು ತಂತಿಯದು ಅರ್ತ್. ಹೆಸರಿಗೆ ಭೂಮಿ, ಆದರೆ ನಾಲ್ಕು ರಬ್ಬರು ಚಕ್ರದ ಮೇಲೆ ನಿಂತ ಜೀಪಿನ ಅರ್ತ್ ಭೂಮಿಯನ್ನು ಮುಟ್ಟುವುದೇ ಇಲ್ಲ. ಗಾಡಿಯ ಕಬ್ಬಿಣದ ಮೈಯೇ ಅದರ ಭೂಮಿ. ದೀಪಕ್ಕೆ ಬಂದ ಕರೆಂಟು ಆ ಮೈಯ ಮೂಲಕ ಬ್ಯಾಟರಿಗೆ ವಾಪಸ್ಸು ಹೋಗಬೇಕು. ಹಳೆಯ ದೀಪಗಳ ಮೈ ತಗಡಿನದಾದ್ದರಿಂದ ಬಿಗಿದ ಕೂಡಲೇ ಅರ್ತ್ ಆಗುತ್ತಿತ್ತು. ಹೊಸವು ಪ್ಲಾಸ್ಟಿಕ್ಕು, ಆದ್ದರಿಂದ ಈ ಕಪ್ಪು ತಂತಿಯನ್ನು ಯಾವುದಾದರೂ ಬೋಲ್ಟಿಗೆ ಬಿಗಿಯಬೇಕು. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಅಂಕಕ್ಕೂ ಕೇಳುತ್ತೇನೆ.

ಜೀಪಿನ ಹಿಂಭಾಗದಲ್ಲಿ, ನಂಬರ್ ಪ್ಲೇಟಿನ ಪಕ್ಕದಲ್ಲಿ, ಒಂದು ದಪ್ಪನೆಯ ಬೋಲ್ಟು ಇದೆ. ಅದು ಮಾವನ ಪೂಜೆಯ ಬೋಲ್ಟು. ಆಯುಧಪೂಜೆಯ ದಿನ, ಯುಗಾದಿಯ ದಿನ, ಗೂಡು ಹೇರಿಕೊಂಡು ಮಾರುಕಟ್ಟೆಗೆ ಹೊರಡುವ ಪ್ರತಿ ಬೆಳಗಿನಲ್ಲಿ ಅದಕ್ಕೆ ಎಣ್ಣೆಯಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಮುಂದಿನ ಬಾನೆಟ್ಟಿಗೆ ಎಲ್ಲರೂ ಪೂಜೆ ಮಾಡುತ್ತಾರೆ, ಭಾರ ಹೊರುವುದು ಹಿಂಭಾಗ ಎಂಬುದು ಅವರ ವಾದ. ಮೂವತ್ತು ವರ್ಷದ ಪದರ ಸೇರಿ ಬೋಲ್ಟು ಪುಟ್ಟ ಮೋದಕದಷ್ಟು ಊದಿಕೊಂಡಿತ್ತು. ನನಗೆ ಆ ಹೊತ್ತಿನಲ್ಲಿ ಬಂದ ಆಲೋಚನೆ ನೋಡಿ: ಕಪ್ಪು ತಂತಿಯನ್ನು ಬಿಗಿಯಲು ಇದಕ್ಕಿಂತ ದೊಡ್ಡದಾದ, ಗಟ್ಟಿಯಾದ, ಶುಭವಾದ ಜಾಗ ಇನ್ನೆಲ್ಲಿದೆ? ಕೆರೆಯುವುದಂತೂ ಅಪಚಾರ. ಕುಂಕುಮ ಉದುರದಂತೆ ನಯವಾಗಿ ತಂತಿಯ ಉಂಗುರವನ್ನು ಅದರ ಮೇಲೆ ಕೂರಿಸಿ, ನಟ್ಟು ಬಿಗಿದು, ಮನೆಯೊಳಗಿಂದ ಬಟ್ಟಲು ತಂದು ಮೇಲಿಂದ ಇನ್ನೊಂದು ಬೊಟ್ಟು ಕುಂಕುಮವನ್ನೂ ಇಟ್ಟೆ. ಅಳಿಯನ ಭಕ್ತಿ ಮಾವನ ಕಣ್ಣಿಗೆ ಬೀಳಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮಾವ ಸಾದಲಿಯಿಂದ ಮೊಪೆಡ್ಡಿನಲ್ಲಿ ಬಂದರು. ಸುಜಾತ ಜೀಪಿನ ಹಿಂದೆ ನಿಂತಳು, ಮಾವ ಮುಂದೆ ನಿಂತರು, ನಾನು ಚಾಲಕನ ಜಾಗದಲ್ಲಿ ಕೂತೆ. ಗಂಭೀರವಾಗಿ ಬ್ರೇಕು ಒತ್ತಿದೆ.

"ಉರೀತಾ?" ಎಂದು ಕೂಗಿದೆ.

"ಮಬ್ಬುಮಬ್ಬಾಗಿ ಏನೋ ಕಾಣ್ತಾ ಇದೆ ರೀ" ಎಂದಳು ಸುಜಾತ ಹಿಂದಿನಿಂದ.

"ಇಲ್ಲಿ ಮುಂದ್ಗಡೆ ಹತ್ಕೊಂತು!" ಎಂದರು ಮಾವ ಮುಂದಿನಿಂದ.

ಎಡಕ್ಕೆ ತಿರುಗುವ ದೀಪ ಹಾಕಿದೆ. ಎಡವೂ ಬಲವೂ ಒಟ್ಟಿಗೆ ಮಿಣುಕಿದವು. ಬಲಕ್ಕೆ ಹಾಕಿದೆ. ಆಗಲೂ ಎರಡೂ ಮಿಣುಕಿದವು, ಜತೆಗೆ ನನ್ನ ಕಣ್ಣ ಮುಂದಿದ್ದ ವೇಗದ ಮೀಟರಿನ ಪುಟ್ಟ ಬಲ್ಬೂ ತಾಳ ಹಾಕಿತು. ಬ್ರೇಕು ಒತ್ತಿಕೊಂಡೇ ಇಂಡಿಕೇಟರು ಹಾಕಿದರೆ ಇಡೀ ಜೀಪು ಆರ್ಕೆಸ್ಟ್ರಾ ವೇದಿಕೆಯಂತೆ ಮಿನುಗತೊಡಗಿತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ, "ಮದ್ವೆಗೆ ಬಾಡಿಗೆಗೆ ಬಿಡ್ತೀರಾ ಸಾರ್?" ಎಂದು ಕೇಳಿದರು.

ಮಾವ ನಗಲಿಲ್ಲ. ಬಾನೆಟ್ಟನ್ನು ಒಮ್ಮೆ ಸವರಿ, "ಪರ್ವಾಗಿಲ್ಲ ಬಿಡಿ ಅಳಿಯಂದ್ರೇ. ಅದಕ್ಕೂ ಸುಸ್ತಾಗಿರ್ತದೆ" ಎಂದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಜೀಪಿನ ಹಿಂದೆ ಕಲ್ಲಿನ ಮೇಲೆ ಕೂತು, ಸೋತ ವಿದ್ವಾಂಸರು ಮಾಡುವ ಕೆಲಸವನ್ನೇ ಮಾಡಿದೆ, ಚಿಂತನೆಗೆ ಇಳಿದೆ. ನಮ್ಮ ಪರಂಪರೆಯಲ್ಲಿ ದೀಪಕ್ಕೆ ಎಷ್ಟೊಂದು ಗೌರವ! ಹೊಸಿಲ ಮೇಲಿನ ದೀಪ, ಕೈಯಲ್ಲಿ ಹಿಡಿದ ದೀಪ, ದೇವರ ಮುಂದಿನ ದೀಪ. ಎಲ್ಲವೂ ಮುಂದಿನವೇ. ಬೆನ್ನಿಗೆ ದೀಪ ಕಟ್ಟಿಕೊಂಡ ನಾಯಕನನ್ನಾಗಲಿ ನಾಯಕಿಯನ್ನಾಗಲಿ ನಾನು ಯಾವ ಕಾವ್ಯದಲ್ಲೂ ಕಂಡಿಲ್ಲ. ಆ ಭಾಗ್ಯ ಇರುವುದು ಮಿಂಚುಹುಳಕ್ಕೆ ಮಾತ್ರ. ಅದಕ್ಕೆ ಹಿಂದಿನ ದೀಪವೇ ಸರ್ವಸ್ವ, ಮುಂದೆ ಏನೂ ಇಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ ಎಂಬ ಚಿಂತೆ ಇಲ್ಲ, ಇನ್ನೊಬ್ಬರಿಗೆ ಕಂಡರಾಯಿತು. ಸಂಸ್ಕೃತದವರು ಅದನ್ನು ಖದ್ಯೋತ ಎಂದು ದೊಡ್ಡದಾಗಿ ಕರೆದು, ಸೂರ್ಯನ ಮುಂದೆ ನಿಲ್ಲಿಸಿ ಅವಮಾನ ಮಾಡುತ್ತಾರೆ. ಅನ್ಯಾಯ. ಸೂರ್ಯನಿಗೆ ಬ್ರೇಕು ಒತ್ತುವ ಪ್ರಸಂಗವೇ ಬಂದಿಲ್ಲ. ಹಿಂದಿನ ದೀಪದ ಕಷ್ಟವೇ ಬೇರೆ: ಅದನ್ನು ಉರಿಸುವವನು ಅದನ್ನು ನೋಡಲಾರ. ಉರಿಯಿತೋ ಇಲ್ಲವೋ ಎಂದು ಹೇಳಲು ಹಿಂದೆ ಒಬ್ಬರು ಬೇಕೇ ಬೇಕು, ಮತ್ತು ಅವರು ನಿಜ ಹೇಳುವವರಾಗಿರಬೇಕು.

ನನ್ನ ಹಿಂದೆ ನಿಂತಿದ್ದವಳು ನಿಜವನ್ನೇ ಹೇಳಿದಳು: "ಮುರುಗಮಲ್ಲಕ್ಕೆ ಹೋಗಣ. ಅಲ್ಲಿ ಚಾಂದ್ ಪಾಷ ಅಂತ ಇದಾರೆ. ನಮ್ಮ ಸ್ಕೂಲ್ ವ್ಯಾನಿನ ವೈರಿಂಗೆಲ್ಲ ಅವರೇ ಮಾಡೋದು. ನಾಳೆ ಬೆಳಿಗ್ಗೇನೇ ಹೊರಡಣ."

ಭಾನುವಾರ ಮೂವರೂ ಹೊರಟೆವು. ದೀಪ ನಂಬುವಂತಿರಲಿಲ್ಲವಾದ್ದರಿಂದ ಸುಜಾತ ಒಂದು ವ್ಯವಸ್ಥೆ ಮಾಡಿದಳು. ತನ್ನ ಕೆಂಪು ಸೀರೆ ಉಟ್ಟು, ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತಳು. ನಾನು "ಬ್ರೇಕ್" ಎಂದರೆ ಅಂಗೈ ತೋರಿಸಿ ಹಿಂದಿನವರನ್ನು ತಡೆಯುವುದು, "ಎಡಗಡೆ" ಎಂದರೆ ಆ ಕಡೆಗೆ ಕೈ ಚಾಚುವುದು. ಮೊದಲ ಸಲ ಎಡಗಡೆ ಎಂದಾಗ ಅವಳು ಅವಳ ಎಡಗೈ ಚಾಚಿದಳು. ಹಿಮ್ಮುಖವಾಗಿ ಕೂತವಳ ಎಡ ನನ್ನ ಬಲವಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯುವಷ್ಟರಲ್ಲಿ ಒಬ್ಬ ಟ್ರ್ಯಾಕ್ಟರಿನವನು ನಮ್ಮ ಎರಡೂ ವಂಶಗಳನ್ನು ಸ್ಮರಿಸಿ ಮುಂದೆ ಹೋದ. ಚಿಂತಾಮಣಿ ಪೇಟೆಯೊಳಗೆ ಹೆಜ್ಜೆಹೆಜ್ಜೆಗೂ ಬ್ರೇಕು. ತೆರೆದ ಜೀಪಿನಲ್ಲಿ ಎದ್ದು ನಿಂತು ಜನರಿಗೆ ಅಂಗೈ ತೋರಿಸುತ್ತಿದ್ದ ಇವಳನ್ನು ಕಂಡು ಎಷ್ಟೋ ಮಂದಿ ಕೈ ಮುಗಿದರು. ಹೂವಿನಂಗಡಿಯ ಅಜ್ಜಿಯೊಬ್ಬಳು, "ನಮ್ಮ ಬೀದಿಗೆ ನೀರು ಬಿಡ್ಸಮ್ಮ, ಓಟು ನಿಂಗೇ" ಎಂದು ಕೂಗಿದಳು. ಸುಜಾತ ಬಿಡಿಸುವುದಾಗಿ ಮಾತು ಕೊಟ್ಟಳು. ಮಾವ ಮಾತ್ರ ಇಡೀ ದಾರಿ ಜೀಪಿನ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡೇ ಕೂತಿದ್ದರು.

ಮುರುಗಮಲ್ಲದಲ್ಲಿ ದರ್ಗಾಕ್ಕೆ ಬಂದವರ ಬಸ್ಸುಗಳ ನಡುವೆ ಚಾಂದ್ ಪಾಷ ಅವರ ಅಂಗಡಿ. ತೆಳ್ಳನೆಯ, ಬಿಳಿಗಡ್ಡದ, ಅವಸರವೇ ಇಲ್ಲದ ಮನುಷ್ಯ. ನಾನು ಮಂಡಲ, ಪ್ರವಾಹ, ರೋಧ ಎಂದು ಐದು ನಿಮಿಷ ವಿವರಿಸಿದೆ. ಅವರು ತಲೆದೂಗಿ ಕೇಳಿ, ಗೇಣುದ್ದದ ಒಂದು ತಂತಿ ತೆಗೆದುಕೊಂಡರು. ಅದರ ಒಂದು ತುದಿಯನ್ನು ನನ್ನ ಕಪ್ಪು ತಂತಿಗೂ ಇನ್ನೊಂದನ್ನು ಜೀಪಿನ ಬರಿ ಕಬ್ಬಿಣಕ್ಕೂ ಮುಟ್ಟಿಸಿ, "ಒತ್ತಿ ಸಾರ್" ಎಂದರು. ಒತ್ತಿದೆ.

"ಅಯ್ಯೋ, ಎರಡೂ ಫಳಾರ್ ಅಂತ ಹತ್ಕೊಂಡ್ವು ರೀ!" ಎಂದಳು ಸುಜಾತ.

"ಕರೆಂಟು ಹೋಗಕ್ಕೆ ದಾರಿ ಐತೆ ಸಾರ್, ವಾಪಸ್ ಬರಕ್ಕೆ ದಾರಿ ಇಲ್ಲ. ಅದಕ್ಕೇ ಪಾಪ ಸಿಕ್ಕಿದ ಮನೆಗೆಲ್ಲ ನುಗ್ತಾ ಐತೆ" ಎಂದರು ಚಾಂದ್ ಪಾಷ. ಆಮೇಲೆ ಬಗ್ಗಿ ಬೋಲ್ಟನ್ನು ನೋಡಿ, ಕರೆಂಟಿಗೆ ಅಡ್ಡ ಕೂತ ಅರಿಶಿನ-ಎಣ್ಣೆಯ ಪದರವನ್ನು ನೋಡಿ, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಕಾಲೇಜಲ್ಲಿ ಏನ್ ಪಾಠ ಮಾಡ್ತೀರಿ ಅಂದ್ರಿ?"

"ಇತಿಹಾಸ" ಎಂದೆ. ಬೇರೇನು ಹೇಳಲಿ?

ಅವರು ಉಪ್ಪುಕಾಗದ ಕೈಗೆತ್ತಿಕೊಂಡರು. ಆದರೆ ಕೆರೆಯಲಿಲ್ಲ. ಮಾವನ ಕಡೆ ತಿರುಗಿದರು. ಮಾವ ಕೆಳಗಿಳಿದು ಬಂದು ನಿಂತಿದ್ದರು. ಅವರ ಕಣ್ಣು ಬೋಲ್ಟಿನ ಮೇಲಿತ್ತು. ಎಷ್ಟು ಆಯುಧಪೂಜೆ, ಎಷ್ಟು ಬೆಳೆ, ಸುಜಾತಳ ಮದುವೆಯ ಬೆಳಿಗ್ಗೆ ಇಟ್ಟ ಬೊಟ್ಟು, ಎಲ್ಲ ಅಲ್ಲೇ ಒಂದರ ಮೇಲೊಂದು ಕೂತಿದ್ದವು. "ಕೆರೀರಿ" ಎಂದರು ಕೊನೆಗೆ. "ಗಾಡೀನೇ ಹೋಗೋದಕ್ಕಿಂತ ಅದು ಹೋದ್ರೆ ವಾಸಿ." ಹೇಳಿ, ಮುಖ ಬೇರೆ ಕಡೆ ತಿರುಗಿಸಿಕೊಂಡರು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಚಾಂದ್ ಪಾಷ ನಕ್ಕುಬಿಟ್ಟರು. "ಯಾಕ್ ಯಜಮಾನ್ರೇ, ಜೀಪಲ್ಲಿ ಇರೋ ಬೋಲ್ಟು ಅದೊಂದೇನಾ? ಅದು ದೇವ್ರಿಗೆ ಕೊಟ್ಟಿರೋದು, ಅದರ ಪಾಡಿಗೆ ಅದು ಇರ್ಲಿ. ಪಕ್ಕದೋನು ಖಾಲಿ ಕೂತವ್ನಲ್ಲ, ಇವನ ಕೈಲಿ ಕೆಲಸ ಮಾಡ್ಸಣ." ನಾಲ್ಕು ಬೆರಳಿನಾಚೆ ಇದ್ದ ಇನ್ನೊಂದು ಬೋಲ್ಟನ್ನು ಬಿಚ್ಚಿ, ಕಬ್ಬಿಣ ಬೆಳ್ಳಿಯಂತಾಗುವವರೆಗೆ ಉಜ್ಜಿ, ಕಪ್ಪು ತಂತಿಯನ್ನು ಬಿಗಿದರು. ಹತ್ತು ನಿಮಿಷದ ಕೆಲಸ. ಹೀಗೂ ಮಾಡಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಪೂಜೆ ಮುಖ್ಯವೋ ವಿಜ್ಞಾನ ಮುಖ್ಯವೋ ಎಂಬ ವಿಷಯದ ಮೇಲೆ ನಾನು ಮೂರು ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತಿದ್ದೇನೆ. ಬೇರೆ ಬೋಲ್ಟು ನೋಡಿ ಎಂದು ಒಬ್ಬ ಸ್ಪರ್ಧಿಯೂ ಹೇಳಿರಲಿಲ್ಲ.

ಸೋಮವಾರದ ತಪಾಸಣೆ ಎರಡು ನಿಮಿಷದಲ್ಲಿ ಮುಗಿಯಿತು. ಸಾಹೇಬರು ಬ್ರೇಕು ಒತ್ತಿ ಎಂದರು, ಒತ್ತಿದೆ. ಇಂಡಿಕೇಟರು ಎಂದರು, ಹಾಕಿದೆ. ಮಾವ ದೀಪದ ಕಡೆ ನೋಡಲೇ ಇಲ್ಲ, ಸಾಹೇಬರ ಮುಖವನ್ನೇ ನೋಡುತ್ತಿದ್ದರು. ಅವರು "ಹೂಂ" ಎಂದಾಗ ಮಾವ ಹೆಗಲ ಮೇಲಿನ ಟವೆಲಿನಿಂದ ಮುಖವನ್ನು ತುಸು ಹೆಚ್ಚೇ ಹೊತ್ತು ಒರೆಸಿಕೊಂಡರು.

ಶಿಡ್ಲಘಟ್ಟದ ಮನೆಗೆ ಬಂದು ಊಟ ಮಾಡಿ, ಸಂಜೆ ಐದರ ಹೊತ್ತಿಗೆ ಜೀಪನ್ನು ಸಾದಲಿಗೆ ಬಿಟ್ಟುಬರಲು ಹೊರಟೆ. ಮೊಪೆಡ್ಡನ್ನು ಹಿಂದೆ ಹೇರಿಕೊಳ್ಳೋಣ, ನೀವು ಮುಂದೆ ಕೂತುಕೊಳ್ಳಿ ಮಾವ ಎಂದೆ. ಅವರು ಒಪ್ಪಲಿಲ್ಲ.

"ನೀವು ಮುಂದೆ ನಡೀರಿ. ನಾನು ಹಿಂದ್ಲಿಂದ ಬರ್ತೀನಿ" ಎಂದರು. ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ ಸೇರಿಸಿದರು: "ಮೂವತ್ತು ವರ್ಷ ನಾನೇ ಓಡ್ಸಿದ್ದು ನೋಡಿ. ಇವ್ನು ಓಡೋವಾಗ ಹಿಂದ್ಲಿಂದ ಹೆಂಗ್ ಕಾಣ್ತಾನೆ ಅಂತ ನಂಗೆ ಗೊತ್ತೇ ಇಲ್ಲ."

ಆಮೇಲೆ ಆ ದಾರಿಯುದ್ದಕ್ಕೂ ನಾನು ಬ್ರೇಕು ಹಾಕಿದೆ. ತಿರುವಿಗೆ ಹಾಕಿದೆ, ತಿರುವಿಲ್ಲದ ಕಡೆಯೂ ಹಾಕಿದೆ. ಅಡ್ಡ ಬಂದ ಕೋಳಿಗೆ ಹಾಕಿದೆ, ಅಡ್ಡ ಬರಬಹುದಾಗಿದ್ದ ಕೋಳಿಗೂ ಹಾಕಿದೆ. ನೇರ ರಸ್ತೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಂಡಿಕೇಟರು ಮಿಣುಕಿಸಿದೆ. ಕನ್ನಡಿಯಲ್ಲಿ ಮೊಪೆಡ್ಡು ಒಂದೇ ಅಂತರದಲ್ಲಿ ಹಿಂಬಾಲಿಸುತ್ತಿತ್ತು. ಮಾವನ ಮುಖ ದೂರಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ.

ಸಾದಲಿ ಇನ್ನೇನು ಬಂತು ಎನ್ನುವಾಗ ಅವರು ಹಾರ್ನು ಬಾರಿಸಿದರು. ನಿಲ್ಲಿಸಿದೆ. ಮೊಪೆಡ್ಡು ಪಕ್ಕಕ್ಕೆ ಬಂತು.

"ಯಾಕ್ ಅಳಿಯಂದ್ರೇ ಆ ಪಾಟಿ ಬ್ರೇಕು ಹಾಕ್ತೀರಾ? ಲೈನರ್ ಸವ್ದೋಗ್ತದೆ!" ಎಂದು ಗದರಿದರು. ಗದರಿದ್ದು ಶುದ್ಧ ಕನ್ನಡದಲ್ಲೇ. ನಾನು ತಲೆ ತಗ್ಗಿಸಿದೆ.

ಅವರು ಮೊಪೆಡ್ಡಿನಿಂದ ಇಳಿದು, ಹಿಂದಕ್ಕೆ ನಡೆದು ಹೋಗಿ, ರಸ್ತೆಯ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತರು.

"ಇನ್ನೊಂದ್ ಸಲ ಒತ್ತಿ" ಎಂದರು.

ಒತ್ತಿದೆ. ತುಂಬ ಹೊತ್ತು ಒತ್ತಿಯೇ ಹಿಡಿದೆ. ಆಮೇಲೆ ಹಿಂದಿನಿಂದ ಕೇಳಿಸಿತು.

"ಬಾಗುಂದಿ."

ಅದು ದೀಪಕ್ಕೋ, ಜೀಪಿಗೋ, ಇನ್ನಾರಿಗೋ ಎಂದು ನಾನು ತಿರುಗಿ ನೋಡಲಿಲ್ಲ. ಬ್ರೇಕಿನ ಮೇಲಿಂದ ಕಾಲನ್ನೂ ತೆಗೆಯಲಿಲ್ಲ.